ಬೀಗ ಒಡೆದವರು

"ನಾನು ಯಾವತ್ತು ಅತ್ತಿದ್ದೆ, ತಮ್ಮಾ? ಹೇಳು ನೋಡೋಣ!"

ಗುಂಡಿಯಮ್ಮ ಕಾದಂಬರಿಯನ್ನು ಅದರ ಲೇಖಕನ ಮುಂದೆ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಕ್ಕಿದಳು. ಊಟದ ಬಿಡುವಿಗೆ ಹೊಲಿಗೆ ಯಂತ್ರಗಳೆಲ್ಲ ನಿಂತಿದ್ದವು. ಅಂಗಿಗಳಿಗೆ ಗುಂಡಿ ಹಚ್ಚುತ್ತ ಹಚ್ಚುತ್ತಲೇ ಅವಳ ತಲೆ ನೆರೆತಿತ್ತು. ನಿಜವಾದ ಹೆಸರು ಅವಳಿಗೇ ಮರೆತುಹೋಗಿರಬೇಕು. ಕಾಲರ್ ಹೊಲಿಯುವ ಹುಡುಗಿ ಆಗಷ್ಟೇ ಒಂದು ಅಧ್ಯಾಯವನ್ನು ಎಲ್ಲರಿಗೂ ಕೇಳುವಂತೆ ಓದಿ ಮುಗಿಸಿದ್ದಳು. ಅದರಲ್ಲಿ, ಹೊತ್ತಿಗೆ ಮುಂಚೆ ಯಾರೂ ಹೊರಗೆ ಹೋಗಬಾರದೆಂದು ಒಡತಿ ಹಿಂಬಾಗಿಲಿಗೆ ಬೀಗ ಜಡಿಯುತ್ತಾಳೆ. ಗುಂಡಿ ಹಚ್ಚುವ ಮುದುಕಿ ಅವಳ ಕಾಲು ಹಿಡಿದು ಗೋಳಾಡುತ್ತಾಳೆ. ಆಮೇಲೆ ಕನ್ನಡಕದ ತರುಣನೊಬ್ಬ ಬಂದು ಬೀಗ ಒಡೆದು, ಸಮಾಜವಾದದ ಮೇಲೆ ಪುಟಗಟ್ಟಲೆ ಮಾತಾಡುತ್ತಾನೆ.

ಬರೆದವನು ಈ ಹೊಲಿಗೆ ಕಾರ್ಖಾನೆಯ ಒಡತಿಯ ಸ್ವಂತ ತಮ್ಮ. ಒಡತಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ನಾಳೆಯ ಬಿಡುಗಡೆ ಸಮಾರಂಭದಲ್ಲಿ ಮೊದಲ ಪ್ರತಿಯನ್ನು ಗುಂಡಿಯಮ್ಮನ ಕೈಗೆ ಕೊಡುವುದೆಂದು ನಿಶ್ಚಯವಾಗಿತ್ತು. ತಾನು ಪುಸ್ತಕದಲ್ಲಿ ಬಂದಿದ್ದೇನೆಂದು ಅವಳು ಬೀದಿಗೆಲ್ಲ ಸಾರಿಕೊಂಡು ಬಂದಿದ್ದಳು. ಇನ್ನು ಬೀದಿಯೆಲ್ಲ ಅದನ್ನು ಓದುತ್ತದೆ.

"ಆವತ್ತು ನಿಜವಾಗಿ ಬೀಗ ಒಡೆದದ್ದು ಯಾರು?"

"ಅಮ್ಮಾ, ಇದು ಕಥೆ..."

"ನಾನು! ಇಗೋ, ಈ ಇಸ್ತ್ರಿ ಪೆಟ್ಟಿಗೇಲಿ. ಎರಡೇ ಏಟು. ನೀನು ಆಗ ಮಹಡಿ ಮೇಲೆ ಪರೀಕ್ಷೆಗೆ ಓದ್ತಾ ಇದ್ದೆ. ಸದ್ದು ಮಾಡಬೇಡಿ ಅಂತ ಕಿಟಕಿಯಿಂದ ಕೂಗಿದೋನು ನೀನೇ ಅಲ್ವಾ?"

ಹುಡುಗಿಯರು ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕರು. ಅಲ್ಲೇ ನಿಂತಿದ್ದ ಅಕ್ಕನೂ ನಕ್ಕಳು. "ಹಾಗೆ ಕೇಳು! ನನ್ನನ್ನಂತೂ ರಕ್ತ ಹೀರೋ ರಾಕ್ಷಸಿ ಮಾಡಿಟ್ಟಿದ್ದಾನೆ. ಇಲ್ಲೇ ಹೊಲಿದು ಹೊಲಿದು ಇವನನ್ನ ಓದಿಸಿದ್ದು ಯಾವ ಪುಟದಲ್ಲೂ ಇಲ್ಲ."

"ನೀವು ಹಲ್ಲು ಕಿರೀಬೇಡಿ ಅಕ್ಕಾ. ಬೀಗ ಹಾಕಿದ್ದು ನೀವೇ. ಆ ಪಾಪ ದೇವರ ಮುಂದೆ ನೀವೇ ತೊಳ್ಕೋಬೇಕು."

ಅಕ್ಕನ ನಗು ಅಲ್ಲೇ ನಿಂತಿತು. "ಹಾಕಿದ್ದೆ. ಇಲ್ಲ ಅಂದ್ನಾ ನಾನು?"

ಲೇಖಕ ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿಕೊಂಡ. "ಇದು ನಿಮ್ಮಿಬ್ಬರ ಜಗಳದ ಕಥೆ ಅಲ್ಲಮ್ಮಾ. ಒಂದು ಕಡೆ ಬಂಡವಾಳ, ಇನ್ನೊಂದು ಕಡೆ ದುಡಿಯೋ ಜನ. ಬೀಗ ಒಡೆದ ಮುದುಕಿ ಮಾರನೇ ದಿನ ಒಡತಿ ಪಕ್ಕದಲ್ಲೇ ಕೂತು ಊಟ ಮಾಡಿದಳು ಅಂತ ಬರೆದರೆ ಓದೋರಿಗೆ ಗೊಂದಲ ಆಗುತ್ತೆ. ನಾನು ನಿಮ್ಮ ಕಡೆಯವನು."

"ನನ್ನ ಕಡೆಯವನಾದ್ರೆ ನನ್ನ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಯಾಕಪ್ಪಾ ಕಿತ್ಕೊಂಡೆ?"

ಅವನು ಕನ್ನಡಕವನ್ನು ಮತ್ತೆ ಮೂಗಿಗೇರಿಸಿಕೊಂಡ. ತನ್ನನ್ನು ಬೈದವರನ್ನು ಗುಂಡಿಯಮ್ಮ ಎಷ್ಟೋ ಸಲ ಕ್ಷಮಿಸಿದ್ದಳು; ದಿನಾ ದೇವರಿಗೆ ಕೈಮುಗಿಯುವಾಗ ಅವರ ಹೆಸರೂ ಸೇರಿಸುತ್ತಿದ್ದಳು. ಹೀಗೆ ಪುಸ್ತಕ ಬರೆದು ಕನಿಕರ ತೋರಿಸಿದವನನ್ನು ಕ್ಷಮಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

"ಆಯ್ತು, ನಾಳೆ ಬರ್ತೀನಿ. ಮೈಕು ಕೊಡ್ತೀಯಾ? ನಡೆದದ್ದು ನಾನೇ ಹೇಳ್ತೀನಿ."

"ಭಾಷಣ ಮಾಡೋರ ಹೆಸರೆಲ್ಲ ಆಗಲೇ ಅಚ್ಚಾಗಿದೆಯಮ್ಮಾ," ಎಂದ ಅವನು ಮೆಲ್ಲಗೆ. "ನೀವು ಪುಸ್ತಕ ತಗೊಂಡು ಜನಕ್ಕೆ ಕೈ ಮುಗಿದ್ರೆ ಸಾಕು."

ಈ ಸಲ ಯಾರೂ ನಗಲಿಲ್ಲ.

"ಹಾಗಾದ್ರೆ ಅಳೋ ಮುದುಕೀನ ಬೇರೆ ಎಲ್ಲಾದ್ರೂ ಹುಡುಕ್ಕೋ," ಎಂದು ಗುಂಡಿಯಮ್ಮ ತನ್ನ ಸ್ಟೂಲಿನ ಮೇಲೆ ಹೋಗಿ ಕೂತಳು.

ಬಿಡುವು ಇನ್ನೂ ಮುಗಿದಿರಲಿಲ್ಲ. ಕಾಲರ್ ಹುಡುಗಿ ಯಂತ್ರ ತುಳಿಯತೊಡಗಿದಳು. ಅವಳ ಪಕ್ಕದವಳೂ ತುಳಿದಳು. ಸಾಲಿಗೆ ಸಾಲೇ ಸದ್ದೆದ್ದಿತು. ಲೇಖಕ ಮೇಜಿನ ಮೇಲೆ ಬಾಗಿ ಏನೋ ಹೇಳುತ್ತಲೇ ಇದ್ದ. ತುಟಿ ಅಲುಗುವುದಷ್ಟೇ ಕಾಣುತ್ತಿತ್ತು. ಗುಂಡಿಯಮ್ಮ ಬೆಳಕಿನ ಕಡೆ ತಿರುಗಿ, ಒಂದು ಕಣ್ಣು ಕಿರಿದು ಮಾಡಿ, ಸೂಜಿಗೆ ದಾರ ಪೋಣಿಸಿದಳು.