ಎರಡನೆಯ ಕರೆ

ಸೆಗೆಡ್ ನಗರದ ಆ ಪ್ರಯೋಗಾಲಯದಲ್ಲಿ ಎಲ್ಲರೂ ಎಲ್ಲರಿಗೂ ‘ನೀನು’ ಎನ್ನುತ್ತಿದ್ದರು, ಇಬ್ಬರನ್ನು ಬಿಟ್ಟು. ಎಮೋಕೆ ಮತ್ತು ತಿಹಮೇರ್ ಇಪ್ಪತ್ತು ವರ್ಷಗಳಿಂದ ಅಕ್ಕಪಕ್ಕದ ಮೇಜಿನಲ್ಲಿ ಕೂತು ಒಬ್ಬರಿಗೊಬ್ಬರು ‘ನೀವು’ ಎನ್ನುತ್ತಲೇ ಇದ್ದರು. ‘ಇನ್ಮೇಲೆ ನೀನು ಅನ್ನೋಣ’ ಎಂದು ಮೊದಲು ಬಾಯಿ ಬಿಡಬೇಕಾದವರು ಯಾರು ಎಂಬುದೇ ತೊಡಕು. ಅಲ್ಲಿನ ಪದ್ಧತಿಯಲ್ಲಿ ಹೆಂಗಸು ಗಂಡಸಿಗೆ ಹೇಳಬೇಕು, ಹಿರಿಯರು ಕಿರಿಯರಿಗೆ ಹೇಳಬೇಕು. ಎಮೋಕೆ ಹೆಂಗಸು, ತಿಹಮೇರ್ ಹಿರಿಯರು, ಮೇಲಾಗಿ ಮುಖ್ಯಸ್ಥರು. ಅವರು ಇವಳ ಬಾಯಿ ನೋಡಿದರು, ಇವಳು ಅವರ ಬಾಯಿ ನೋಡಿದಳು. ಮರ್ಯಾದೆಯಷ್ಟು ದಡ್ಡ ವಸ್ತು ಇನ್ನೊಂದಿಲ್ಲ.

“ಮದುವೆ ಆಗು ಅಂತ ಯಾರೂ ಹೇಳ್ತಿಲ್ಲ ಕಣೇ, ಒಂದ್ಸಲ ‘ನೀನು’ ಅಂದ್ರೆ ನಿನ್ನ ಗಂಟೇನು ಹೋಗುತ್ತೆ?” ಎಂದು ಕಚೇರಿಯ ವಿಲ್ಮಾ ಛೇಡಿಸುತ್ತಿದ್ದಳು. ಎಮೋಕೆ ನಗುತ್ತಿದ್ದಳು. ಸಂಜೆ ಟ್ರಾಮಿನಲ್ಲಿ ಒಬ್ಬಳೇ ಕೂತಾಗ ಆ ನಗು ಇರುತ್ತಿರಲಿಲ್ಲ. ಮನೆಯಲ್ಲಿ ಅವಳಿಗೆ ‘ನೀನು’ ಎನ್ನುವವರು ಯಾರೂ ಉಳಿದಿರಲಿಲ್ಲ.

ಪ್ರಯೋಗಕ್ಕೆ ಆರೋಗ್ಯವಂತರ ರಕ್ತ ಬೇಕಾದಾಗಲೆಲ್ಲ ತಿಹಮೇರ್ ತೋಳು ಚಾಚುತ್ತಿದ್ದರು. ಆ ಸೋಮವಾರವೂ ಎಮೋಕೆ ತಟ್ಟೆಯ ಗುಳಿಗಳಿಗೆ ಇಳಿಸುತ್ತಿದ್ದದ್ದು ಅವರ ಟಿ ಕೋಶಗಳನ್ನೇ, ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳನ್ನೇ. ಕೋಶ ಎಚ್ಚೆತ್ತು ಎರಡಾಗಿ ನಾಲ್ಕಾಗಿ ಹೆಚ್ಚಬೇಕಾದರೆ ಅದರ ಮೈಮೇಲಿನ ಎರಡು ಗ್ರಾಹಕಗಳನ್ನು ಒಟ್ಟಿಗೆ ಮುಟ್ಟಬೇಕು. ಮೊದಲನೆಯದು ಬಾಗಿಲು ತಟ್ಟಿದ ಹಾಗೆ, ಎರಡನೆಯದು ಹೆಸರು ಹಿಡಿದು ಕರೆದ ಹಾಗೆ. ಬರೀ ತಟ್ಟಿ ಸುಮ್ಮನಾದರೆ ಕೋಶ ಏಳುವುದಿಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಮುನಿಸಿಕೊಂಡು ಮರಗಟ್ಟಿಬಿಡುತ್ತದೆ, ಆಮೇಲೆ ತಟ್ಟಿ ಕರೆದರೂ ಓಗೊಡುವುದಿಲ್ಲ.

ಬಾಗಿಲು ತಟ್ಟುವ ಮೊದಲ ಪ್ರತಿಕಾಯ ಹಾಕಿ, ಹೆಸರು ಹಿಡಿದು ಕರೆಯುವ ಎರಡನೆಯದನ್ನು ತರಲು ಎದ್ದಾಗ ತಿಹಮೇರ್ ಬಂದು ನಿಂತರು.

“ಎಮೋಕೆ ಅವರೇ, ನಿಮಗೇ ಮೊದ್ಲು ಹೇಳೋಣ ಅಂತ ಬಂದೆ. ಶುಕ್ರವಾರ ನನ್ನ ಕೊನೇ ದಿನ. ಶೋಪ್ರೋನ್‌ಗೆ, ಅಕ್ಕನ ಮನೆಗೆ ಹೋಗ್ತಿದೀನಿ. ಅವಳಿಗೆ ಕಣ್ಣು ಕಾಣಿಸ್ತಿಲ್ಲ.”

“ಒಳ್ಳೇದಾಯ್ತು ಡಾಕ್ಟ್ರೇ,” ಎಂದಳು. ಯಾಕೆ ಹಾಗೆಂದಳೋ ಅವಳಿಗೇ ಗೊತ್ತಾಗಲಿಲ್ಲ. ತಟ್ಟೆ ಮುಚ್ಚಿ ಇನ್‌ಕ್ಯುಬೇಟರಿನ ಬೆಚ್ಚನೆಯೊಳಗಿಟ್ಟು ಬಾಗಿಲು ಹಾಕಿದಳು.

ಬುಧವಾರ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದು ಗುಳಿಯಲ್ಲೂ ಕೋಶಗಳು ಎಚ್ಚೆತ್ತು ಗುಂಪುಗಟ್ಟಿರಲಿಲ್ಲ. ಎರಡನೆಯ ಪ್ರತಿಕಾಯದ ಸೀಸೆ ಫ್ರಿಜ್ಜಿನಲ್ಲಿ ಮುಚ್ಚಳ ಬಿಚ್ಚದೆ ಕೂತಿತ್ತು. ಎಮೋಕೆಗೆ ಅಳುವೇ ಬಂತು.

“ಈಗ್ಲಾದ್ರೂ ಎರಡೂ ಹಾಕಿ ನೋಡಿ,” ಎಂದರು ತಿಹಮೇರ್.

“ಇನ್ನೇನು ಪ್ರಯೋಜನ? ತಡ ಆಗೋಯ್ತಲ್ಲ.”

“ನನ್ನ ಕೋಶ ಅಲ್ವಾ, ಎಲ್ಲಾದ್ರಲ್ಲೂ ನಿಧಾನ,” ಎಂದು ಅವರು ನಕ್ಕರು.

ಅವಳು ಎರಡನ್ನೂ ಹಾಕಿದಳು. ಶುಕ್ರವಾರ ಏನಾದರಾಗಲಿ, ‘ನೀನು’ ಮಾತನ್ನು ತಾನೇ ಹೇಳಿಬಿಡುವುದೆಂದು ಆಗಲೇ ಗಟ್ಟಿ ಮಾಡಿಕೊಂಡಳು.

ಬೀಳ್ಕೊಡುಗೆಗೆ ವಿಲ್ಮಾ ಪೊಗಾಚಾ ಎಂಬ ಚೀಸಿನ ಪುಟ್ಟ ಬನ್ನುಗಳನ್ನು ಬೇಯಿಸಿ ತಂದಿದ್ದಳು. ಎಲ್ಲರ ಕೈಗೂ ಪ್ಲಮ್ ಹಣ್ಣಿನ ಮದ್ಯ ಪಾಲಿಂಕಾ ಬಂತು. ಎಮೋಕೆ ಲೋಟ ಎತ್ತಿ ತಿಹಮೇರ್ ಮುಂದೆ ಹೋಗಿ ನಿಂತಳು. 

“ತಿಹಮೇರ್, ನಾನೇ ಹೇಳ್ತೀನಿ. ಇನ್ಮೇಲೆ ನೀನು ಅನ್ನೋಣ. ಗೆಳೆಯರ ಹಾಗೆ ‘ಸೆರ್ವುಸ್’ ಅಂತೀನಿ. ನಿನ್ನ ಆರೋಗ್ಯಕ್ಕೆ!”

ಕೋಣೆಯೇ ಚಪ್ಪಾಳೆ ತಟ್ಟಿತು. ಪದ್ಧತಿಯಂತೆ ತೋಳಿಗೆ ತೋಳು ಸಿಕ್ಕಿಸಿ ಇಬ್ಬರೂ ಕುಡಿದರು. ಅವರು ಅವಳ ಎರಡೂ ಕೆನ್ನೆಗೆ ಮುತ್ತಿಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

“ಇದಕ್ಕೆ ಎಷ್ಟು ವರ್ಷ ಕಾದೆ,” ಎಂದರು.

“ಹಾಗಾದ್ರೆ ಹೇಳು ಮತ್ತೆ.”

ಅವರು ಬಾಯಿ ತೆರೆದರು. “ಎಮೋಕೆ, ನೀ...” ಮಾತು ತಡವರಿಸಿತು. “ನೀವು ತುಂಬಾ ಒಳ್ಳೇವ್ರು.”

ಎಲ್ಲರೂ ಗೊಳ್ಳೆಂದರು. ತಿಹಮೇರ್ ಇನ್ನೊಮ್ಮೆ ಪ್ರಯತ್ನಿಸಿದರು, ಮತ್ತೆ ‘ನೀವು’ ಎಂದೇ ಬಂತು.

“ನಾಲಿಗೆಗೆ ಎಣ್ಣೆ ಹಚ್ಕೋ ಮಾರಾಯ!” ಎಂದಳು ವಿಲ್ಮಾ. ಎಮೋಕೆಯೂ ಎಲ್ಲರ ಜೊತೆ ನಕ್ಕಳು. ನಗದೆ ಇನ್ನೇನು ಮಾಡಿಯಾಳು?

ಬಾಗಿಲಲ್ಲಿ ಅವರು ಟೋಪಿ ಹಾಕಿಕೊಂಡು ಹಿಂತಿರುಗಿದರು. “ಬರ್ತೀನಿ. ಆರೋಗ್ಯ ನೋಡ್ಕೊಳ್ಳಿ.”

“ನೀನೂ ನೋಡ್ಕೋ,” ಎಂದಳು. ಅವರು ಮೆಟ್ಟಿಲಿಳಿದು ಹೋದರು.

ಎಲ್ಲರೂ ಹೋದ ಮೇಲೆ ತಟ್ಟೆ ತೆಗೆದು ನೋಡಿದಳು. ಕೋಶಗಳು ಒಂದಕ್ಕೊಂದು ತಾಗದೆ, ದೂರ ದೂರ, ಬಿದ್ದಲ್ಲೇ ಬಿದ್ದಿದ್ದವು. ಕೆಟ್ಟ ಪ್ರಯೋಗವನ್ನು ಬ್ಲೀಚಿಗೆ ಸುರಿದು ಎಸೆಯಬೇಕು, ಅದು ನಿಯಮ. ಅವಳು ಸೀಸೆಯಿಂದ ಹೊಸ ಪೋಷಕ ದ್ರವ ಹಾಕಿ, ಮುಚ್ಚಳವಿಟ್ಟು, ತಟ್ಟೆಯನ್ನು ಮತ್ತೆ ಬೆಚ್ಚಗೆ ಒಳಗಿರಿಸಿದಳು.

“ಮಲ್ಕೋ ನೀನು,” ಎಂದಳು. ಆ ಮಾತು ಈಗ ಅವಳ ನಾಲಿಗೆಯ ಮೇಲೆ ಸಲೀಸಾಗಿ ಹೊರಳುತ್ತಿತ್ತು.