ವಹಾಬನ ಟೆಂಟಿಗೆ ಕನ್ನಡ ಟಾಕಿ ಬಂದಾಗ

ಸಿನಿಮಾ ನೋಡಲು ಬರುವ ಮಂದಿಯಷ್ಟು ತಲೆಕೆಟ್ಟ ಮಂದಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಸಿಟ್ಟಿನಲ್ಲಿ ಹೇಳುತ್ತಿದ್ದಾಳೆ ಅಂದುಕೊಂಡಿರಾ? ಹೌದು, ಸಿಟ್ಟಿನಲ್ಲೇ ಹೇಳುತ್ತಿದ್ದೇನೆ. ನಿಜಾಮರ ರಾಜ್ಯ ಮುಗಿಯಲು ಇನ್ನು ಎರಡು ವರ್ಷವಿತ್ತು, ಆದರೆ ಅದು ಮುಗಿಯುತ್ತದೆಂದು ಯಾದಗಿರಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸ್ಟೇಷನ್ ಹತ್ತಿರದ ಬಯಲಿನಲ್ಲಿ ವಹಾಬ ಟೆಂಟು ಹಾಕಿ ಸಿನಿಮಾ ತೋರಿಸುತ್ತಿದ್ದ. ನಾಲ್ಕು ತಿಂಗಳು ನಮ್ಮೂರು. ಆಮೇಲೆ ಟೆಂಟು, ಮಷೀನು, ಎಣ್ಣೆಯ ಇಂಜಿನ್ನು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಶಹಾಪುರ, ಅಲ್ಲಿಂದ ಸುರಪುರ. ಬರುತ್ತಿದ್ದವೆಲ್ಲ ಬೊಂಬಾಯಿ ಕಡೆಯ ಟಾಕಿಗಳು, ಮಾತೆಲ್ಲ ಹಿಂದಿ ಇಲ್ಲವೇ ಉರ್ದು. ಒಮ್ಮೊಮ್ಮೆ ತೆಲುಗು.

ನಾನು ಕಲ್ಯಾಣಮ್ಮ, ಪೇಟೆಯಲ್ಲಿ ಕಿರಾಣಿ ಅಂಗಡಿಯವರ ಹೆಂಡತಿ. ನನ್ನ ತಂದೆ ಹೈದರಾಬಾದಿನಲ್ಲಿ ಕಾಳಿನ ವ್ಯಾಪಾರ ಮಾಡುತ್ತಿದ್ದರು, ನಾನು ಅಲ್ಲಿಯೇ ಬೆಳೆದವಳು. ಹೀಗಾಗಿ ಉರ್ದು ನನಗೆ ಸಲೀಸು. ಟೆಂಟಿನಲ್ಲಿ ಗೋಣಿತಟ್ಟಿನ ಪರದೆ ಕಟ್ಟಿ ಹೆಂಗಸರ ಕಡೆ, ಗಂಡಸರ ಕಡೆ ಎಂದು ಬೇರೆ ಮಾಡಿದ್ದರು. ನಾನು ಮೊದಲ ಸಲ ಹೋದ ದಿನ ನನ್ನ ಪಕ್ಕದಲ್ಲಿ ಕೂತಿದ್ದವಳು ಗೊಲ್ಲಾಳಮ್ಮ, ಭೀಮಾ ನದಿಯಲ್ಲಿ ಮೀನು ಹಿಡಿಯುವವರ ಮನೆಯಾಕೆ. "ಏನಂತಾನ ಯವ್ವಾ ಅಂವ?" ಎಂದಳು. ಹೇಳಿದೆ. ಹಿಂದಿನವರು "ನಮಗೂ ಕೇಳೂಹಂಗ ಹೇಳ್ರಿ" ಎಂದರು. ಜೋರಾಗಿ ಹೇಳಿದೆ. ಅಷ್ಟೇ, ಅಲ್ಲಿಗೆ ಅದು ನನ್ನ ಕೊರಳಿಗೆ ಬಿತ್ತು. ಪ್ರತಿ ಟಾಕಿಗೂ ನಾನು ಹೇಳಬೇಕು, ಇವರು ಕೇಳಬೇಕು. ವಹಾಬ ನನಗೊಂದು ಎತ್ತರದ ಸ್ಟೂಲು ಹಾಕಿಸಿದ. ಹೆಂಗಸರು ಟಿಕೀಟು ತೆಗೆಯುವ ಮೊದಲು "ಕಲ್ಯಾಣವ್ವ ಬಂದಾಳೇನು?" ಎಂದು ವಿಚಾರಿಸುವಷ್ಟು ಬೆಳೆಯಿತು ಅದು.

ಆದರೆ ನನ್ನ ಜೀವವೆಲ್ಲ ಇದ್ದದ್ದು ಕನ್ನಡ ಟಾಕಿಯ ಮೇಲೆ. ಒಮ್ಮೆ ಮದುವೆಗೆಂದು ಹುಬ್ಬಳ್ಳಿಗೆ ಹೋದಾಗ ಒಂದನ್ನು ನೋಡಿದ್ದೆ, ಅದೂ ವಾರದಲ್ಲಿ ಮೂರು ಸಲ. ನಾಯಕನಿಗಿಂತ ಮೊದಲು ಅವನ ಹೊಟ್ಟೆ ತೆರೆಯ ಮೇಲೆ ಬರುತ್ತಿತ್ತು. ಹಾವು ಕಚ್ಚಿದ ಮಗನನ್ನು ತೊಡೆಯ ಮೇಲೆ ಮಲಗಿಸಿಕೊಂಡ ತಾಯಿ ವೈದ್ಯನನ್ನು ಕರೆಯುವುದು ಬಿಟ್ಟು ಹತ್ತು ನಿಮಿಷ ಹಾಡುತ್ತಿದ್ದಳು. ಇದೆಲ್ಲ ನನಗೆ ಕಾಣಲಿಲ್ಲವೆಂದಲ್ಲ. ಆದರೆ ನಮ್ಮಲ್ಲಿ ಕಚೇರಿಯ ಕಾಗದ ಉರ್ದು, ಮಕ್ಕಳ ಶಾಲೆ ಉರ್ದು. ಕನ್ನಡವೆಂದರೆ ಒಲೆಯ ಮುಂದೆ, ದನದ ಹಿಂದೆ ಆಡುವ ಮಾತು. ಆ ಮಾತು ದೊಡ್ಡ ದನಿಯಲ್ಲಿ ನಾಲ್ಕು ನೂರು ಮಂದಿಯ ಎದುರು ಕೇಳಿಬಂದಾಗ ನಾನು ಅತ್ತುಬಿಟ್ಟಿದ್ದೆ. ಅದನ್ನು ಯಾದಗಿರಿಯಲ್ಲಿ ಕೇಳಬೇಕು, ಒಮ್ಮೆಯಾದರೂ ಬಾಯಿ ಮುಚ್ಚಿಕೊಂಡು ಟಾಕಿ ನೋಡಬೇಕು ಎಂಬುದು ನನ್ನ ಹಟವಾಗಿತ್ತು.

ಎರಡು ವರ್ಷ ವಹಾಬನ ಬೆನ್ನು ಬಿದ್ದೆ. ಕೊನೆಗೆ ಒಂದು ದಿನ ಅಂಗಡಿಯ ಮುಂದೆ ಬಂದು ನಿಂತ.

"ಅಕ್ಕಾರ, ನಿಮ್ಮ ಕನ್ನಡ ಪಿಕ್ಚರ್ ಬಂದಾದ. ಮೂರು ದಿನ ಇಡ್ತೀನಿ. ಮೂರನೇ ದಿನದೊಳಗ ಟೆಂಟ್ ತುಂಬಿದ್ರ ಶಹಾಪುರಕ್ಕ, ಸುರಪುರಕ್ಕೂ ಒಯ್ತೀನಿ, ತಿಂಗಳಿಗೊಂದು ಕನ್ನಡದ್ದು ತರಸ್ತೀನಿ. ತುಂಬಲಿಲ್ಲಂದ್ರ ಇನ್ನ ಮುಂದ ನನ್ನ ಮುಂದ ಕನ್ನಡದ ಮಾತು ತೆಗೀಬಾರದು. ಕಬೂಲ್?"

"ಕಬೂಲ್" ಎಂದೆ. ಮನೆಮನೆಗೆ ಹೋಗಿ ಹೇಳಿ ಬಂದೆ. ಸುರಪುರದ ತಂಗಿ ಶಿವಬಸಮ್ಮನಿಗೆ ಬಸ್ಸಿನ ಡ್ರೈವರನ ಕೈಯಲ್ಲಿ ಸುದ್ದಿ ಕಳಿಸಿದೆ. ವಹಾಬ ಕೊಟ್ಟ ಪದ್ಯಾವಳಿಯನ್ನು, ಅಂದರೆ ಟಾಕಿಯ ಹಾಡು-ಕಥೆಯ ಪುಸ್ತಿಕೆಯನ್ನು, ಆರು ಸಲ ಓದಿದೆ. ಕಥೆ ಹೀಗಿತ್ತು: ಸವತಿಯ ಚಾಡಿ ಕೇಳಿದ ರಾಜ ಬಸುರಿ ರಾಣಿಯನ್ನು ಕಾಡಿಗೆ ಅಟ್ಟುತ್ತಾನೆ. ಆಕೆ ಅಲ್ಲಿ ಮಗನನ್ನು ಹೆತ್ತು ಬೆಳೆಸುತ್ತಾಳೆ. ಹನ್ನೆರಡು ವರ್ಷದ ಮೇಲೆ ತಪ್ಪು ತಿಳಿದು ರಾಜ ಕರೆಯಲು ಬರುತ್ತಾನೆ. ಆಗ ರಾಣಿ ಏನೆಂದಳು? "ಉಳಿದದ್ದನ್ನು ತೆರೆಯ ಮೇಲೆ ನೋಡಿರಿ" ಎಂದು ಅಚ್ಚು ಹಾಕಿ, ದರಿದ್ರದವರು ಅಲ್ಲಿಗೇ ನಿಲ್ಲಿಸಿದ್ದರು. ಆ ರಾಣಿ ಏನೆಂದಳು ಎಂಬುದು ನನ್ನ ತಲೆಯಲ್ಲಿ ಹುಳದಂತೆ ಹೊಕ್ಕಿತು.

ಮೊದಲ ದಿನ ಸಂಜೆ ಹೆಂಗಸರ ಕಡೆ ಮುಕ್ಕಾಲು ತುಂಬಿತ್ತು. ಎಲ್ಲರೂ ಎಂದಿನಂತೆ ನನ್ನ ಸ್ಟೂಲಿನ ಸುತ್ತ ಕೂತು ನನ್ನ ಮುಖ ನೋಡತೊಡಗಿದರು.

"ಈ ಕಡೆ ಏನ್ ನೋಡ್ತೀರಿ? ತೆರಿ ಆ ಕಡಿ ಅದ" ಎಂದೆ. "ಇವತ್ತ ನಾ ಹೇಳಂಗಿಲ್ಲ. ಪಿಕ್ಚರು ಕನ್ನಡದಾಗ ಅದ. ಬಾಯಿ ಮುಚ್ಚಿಕೊಂಡು ಕೇಳ್ರಿ."

ಟಾಕಿ ಶುರುವಾಯಿತು. ರಾಣಿ ಕೈ ಮುಗಿದು "ಪ್ರಾಣವಲ್ಲಭಾ, ಈ ದಾಸಿಯಿಂದ ಸಂಭವಿಸಿದ ಅಪರಾಧವಾದರೂ ಯಾವುದು?" ಎಂದಳು. ನನ್ನ ಮೈ ಜುಮ್ಮೆಂದಿತು. ಅದೇ ಹೊತ್ತಿಗೆ ಗೊಲ್ಲಾಳಮ್ಮ ನನ್ನ ಮೊಣಕಾಲು ತಿವಿದಳು.

"ಏನಂದ್ಳು ಯವ್ವಾ?"

"ಕನ್ನಡದಾಗಽ ಅಂದಾಳಲ್ಲ!"

"ಕನ್ನಡ ಇರಬೇಕು ಬಿಡು. ಏನಂದ್ಳು ಅಂತ ನೀ ಹೇಳು."

ಹಿಂದಿನಿಂದ ಇನ್ನೊಬ್ಬಳು "ಹೇಳ್ರಿ ಕಲ್ಯಾಣವ್ವಾರ, ಯಾಕ ಸುಮ್ಮ ಕುಂತೀರಿ?" ಎಂದಳು. ಆಮೇಲೆ ಎಲ್ಲರೂ. ನಾನು ಹಲ್ಲು ಕಚ್ಚಿ ಕೂತೆ. ಅವರು ಬಿಡಬೇಕಲ್ಲ! ಶೇಂಗಾ ಸುಲಿಯಲು ಶುರು ಮಾಡಿದರು, ಸೊಸೆಯರ ಸುದ್ದಿ ತೆಗೆದರು, ಕೂಸುಗಳನ್ನು ಅಳಲು ಬಿಟ್ಟರು. ಗಂಡಸರ ಕಡೆ ಅದಕ್ಕಿಂತ ಚೆಂದ. ಕುಣಿತ ಎಲ್ಲಿ ಎಂದು ಸಿಳ್ಳೆ ಹೊಡೆಯುತ್ತಿದ್ದರು. ಅರಮನೆಯ ನೀರು ಹೊರುವ ಪೆದ್ದನೊಬ್ಬ ಬಂದು "ಎಲ್ಲಿಗ್ ಹೊಂಟಿಯವ್ವಾ?" ಎಂದಾಗ ಮಾತ್ರ ಇಡೀ ಟೆಂಟು ಘೊಳ್ಳೆಂದು ನಕ್ಕಿತು. ಅವನೊಬ್ಬನ ಬಾಯಲ್ಲಿ ನಮ್ಮ ಕಡೆಯ ಮಾತಿತ್ತು. ರಾಜ, ರಾಣಿ, ಮಂತ್ರಿ ಎಲ್ಲರೂ ಪುಸ್ತಕದಂತೆ ಮಾತಾಡಬೇಕು, ನಮ್ಮಂತೆ ಮಾತಾಡುವವನು ಪೆದ್ದನಾಗಿರಬೇಕು! ಆ ಟಾಕಿ ಮಾಡಿದವರ ಮೇಲೆ ನನಗೆ ಮೊದಲ ಸಲ ಸಿಟ್ಟು ಬಂತು. ಆದರೆ ಅದಕ್ಕೆ ಇವರು ನಗುವುದೇ?

ಇಂಟರ್ವಲ್ಲಿನಲ್ಲಿ ಎದ್ದು ನಿಂತು ಬೈದೆ. "ನಿಮ್ಮ ಮಾತು ನಿಮಗ ತಿಳೀವಲ್ದು ಅಂದ್ರ ನಾಚಿಕಿ ಬರಬೇಕು. ನಿಮ್ಮ ಸಲುವಾಗಿ ಎರಡು ವರ್ಷ ಆ ಮನುಷ್ಯನ ಕೈಕಾಲು ಹಿಡದೀನಿ ನಾ!" ಅರ್ಧ ಮಂದಿ ಎದ್ದು ಮನೆಗೆ ಹೋದರು. ಗಂಟಲು ಬತ್ತಿ, ತಲೆ ಸಿಡಿದು ನಾನೂ ಹೋದೆ. ಎರಡನೆಯ ದಿನ ಹೆಂಗಸರ ಕಡೆ ಒಂಬತ್ತು ಮಂದಿ ಇದ್ದೆವು. ಇಂಟರ್ವಲ್ಲಿಗೆ ವಹಾಬ ಇಂಜಿನ್ನು ನಿಲ್ಲಿಸಿ, ಇಷ್ಟು ಮಂದಿಗೆ ಎಣ್ಣೆ ಸುಡುವುದು ಆಗುವುದಿಲ್ಲ ಎಂದ. ರಾಣಿ ಕಾಡಿನಲ್ಲೇ ಉಳಿದಳು.

ಮರುದಿನ ಬೆಳಿಗ್ಗೆ ನೇರವಾಗಿ ಹೊಳೆಗೆ ಹೋದೆ. ಗೊಲ್ಲಾಳಮ್ಮ ಮೀನಿನ ಬುಟ್ಟಿ ತೊಳೆಯುತ್ತಿದ್ದಳು. ಅವಳ ಮಗಳು ಸುಗಲಮ್ಮ ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತಿದ್ದಳು. ಆ ಹುಡುಗಿಯ ಗಂಡ ಕಕ್ಕೇರಾದವನು, ಇನ್ನೊಬ್ಬಳನ್ನು ಮನೆಗೆ ತಂದು ಇವಳನ್ನು ಹೊರಗೆ ಹಾಕಿದ್ದ. ಹೋಗಿ ಅವನ ಕಾಲು ಹಿಡಿ, ಸಂಸಾರ ಸರಿಹೋಗುತ್ತದೆ ಎಂದು ದೈವದ ಪಂಚಾಯಿತಿಯ ಹಿರಿಯರು ವರ್ಷದಿಂದ ಇವಳ ಜೀವ ತಿನ್ನುತ್ತಿದ್ದರು.

"ಹಿಂದಿ ಪಿಕ್ಚರಿಗೆ ಓಡಿ ಬರ್ತೀ, ಕನ್ನಡದ್ದಕ್ಕ ಯಾಕ ಬರಲಿಲ್ಲ?" ಎಂದು ಕೂಗಿದೆ.

ಗೊಲ್ಲಾಳಮ್ಮ ಬುಟ್ಟಿ ಕೆಳಗಿಟ್ಟಳು. "ಸಿಟ್ಟಾಗಬ್ಯಾಡ ಯವ್ವಾ. ಆ ರಾಣಿ ನಮ್ಮ ಕೂಡ ಮಾತಾಡಂಗಿಲ್ಲ, ರಾಜನ ಕೂಡ ಮಾತಾಡ್ತಾಳ. ನೀ ಹೇಳಿದ್ರ ನಮ್ಮ ಕೂಡ ಮಾತಾಡಿದಂಗ ಇರ್ತೈತಿ. ನಾವು ಪಿಕ್ಚರಿಗೆ ಬರಾಕತ್ತಿದ್ದು ನೀ ಹೇಳೂದು ಕೇಳಾಕ. ನಿನಗ ಗೊತ್ತಽ ಇಲ್ಲೇನು?"

ನನಗೆ ಗೊತ್ತಿರಲಿಲ್ಲ. ಇನ್ನೊಬ್ಬಳಾಗಿದ್ದರೆ ಹಿಗ್ಗುತ್ತಿದ್ದಳೋ ಏನೋ, ನನಗೆ ಮಾತ್ರ ಮೈ ಉರಿಯಿತು. ಕನ್ನಡ ಟಾಕಿಯನ್ನು ಕನ್ನಡದವರಿಗೆ ಕನ್ನಡದಲ್ಲಿ ಹೇಳುವುದೆಂದರೆ ನಗೆಪಾಟಲು. ಹೇಳಿದರೆ ಟೆಂಟು ತುಂಬೀತು, ಆದರೆ ರಾಣಿಯ ದನಿಯ ಮೇಲೆ ನನ್ನ ದನಿ ಬೀಳುತ್ತದೆ. ಹೇಳದಿದ್ದರೆ ನಮ್ಮೂರಿಗೆ ಇನ್ನು ಕನ್ನಡ ಟಾಕಿಯೇ ಇಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ಇಡೀ ಊರನ್ನು ಬೈದುಕೊಂಡೆ. ಮನೆ ಮುಟ್ಟಿ, ವಹಾಬನನ್ನು ಕರೆಸಿ ಹೇಳಿದೆ: "ಡಂಗುರ ಹೊಡಿಸು. ಇವತ್ತ ಕಲ್ಯಾಣಮ್ಮ ಹೇಳ್ತಾಳ ಅಂತ."

ಸಂಜೆಗೆ ಟೆಂಟಿನ ಮುಂದೆ ನಿಲ್ಲಲು ಜಾಗವಿರಲಿಲ್ಲ. ಬಳಿಚಕ್ರದ ಹಳ್ಳಿಯಿಂದ ನಾಲ್ಕು ಗಾಡಿ ಬಂದಿದ್ದವು. ಮಧ್ಯಾಹ್ನದ ಬಸ್ಸಿಗೆ ಶಿವಬಸಮ್ಮ ಓಣಿಯ ಆರು ಮಂದಿಯನ್ನು ಕಟ್ಟಿಕೊಂಡು ಬಂದಿದ್ದಳು. ಹೆಂಗಸರ ಕಡೆ ಹೊಳೆಯ ಉಸುಕು ಹಾಸಿದ ನೆಲದ ಮೇಲೆ ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಿದ್ದರು. ಎಲ್ಲರ ಮುಖವೂ ನನ್ನ ಕಡೆ. ಗೊಲ್ಲಾಳಮ್ಮ ಮುಂದಿನ ಸಾಲಿನಲ್ಲಿ, ಅವಳ ಪಕ್ಕ ಸುಗಲಮ್ಮ.

ಹೇಳಿದೆ. ಸಿಟ್ಟಿನಿಂದಲೇ ಹೇಳಿದೆ. ರಾಣಿ "ಪ್ರಾಣವಲ್ಲಭಾ" ಎಂದರೆ ನಾನು "ಏ ಖೋಡಿ, ನಾ ಏನ್ ಮಾಡೀನಿ ನಿನಗ?" ಎಂದೆ. ಸವತಿ ಚಾಡಿ ಹೇಳಿದಾಗ ಅವಳ ಬಾಯಿಗೆ ನಮ್ಮ ಓಣಿಯ ಬೈಗುಳಗಳನ್ನೆಲ್ಲ ತುಂಬಿದೆ. ಮಂದಿ ನಕ್ಕರು, ಲೊಚಗುಟ್ಟಿದರು, ರಾಜನ ಏಳು ತಲೆಮಾರನ್ನು ಉದ್ಧಾರ ಮಾಡಿದರು. ರಾಣಿ ಕಾಡಿನಲ್ಲಿ ಒಬ್ಬಳೇ ಹೆರುವಾಗ ಒಂದು ಕೂಸು ಕೂಡ ಅಳಲಿಲ್ಲ. ಪರದೆಯ ಆಚೆ ಗಂಡಸರೂ ಸಿಳ್ಳೆ ಬಿಟ್ಟು ಕೇಳುತ್ತಿದ್ದರು. ಎರಡು ದಿನ ಎಲ್ಲಿ ಸತ್ತಿದ್ದಿರಿ ಎಂದು ಒಳಗೊಳಗೇ ಬೈದೆ.

ಕೊನೆಯ ರೀಲು ಬಂತು. ರಾಜ ಕಾಡಿಗೆ ಬಂದ. ಇವನಿಗೂ ಹುಬ್ಬಳ್ಳಿಯಲ್ಲಿ ಕಂಡ ನಾಯಕನಂಥದೇ ಹೊಟ್ಟೆ, ಹನ್ನೆರಡು ವರ್ಷ ಕಳೆದರೂ ಒಂದಿಷ್ಟೂ ಕರಗಿರಲಿಲ್ಲ. ಗುಡಿಸಲ ಮುಂದೆ ನಿಂತು ಕರೆದ. ರಾಣಿ ಹೊರಗೆ ಬಂದಳು. ಇದೊಂದನ್ನಾದರೂ ನನ್ನ ಕಿವಿಯಿಂದ ಕೇಳಬೇಕೆಂದು ಮಾತು ನಿಲ್ಲಿಸಿದೆ. ನಾನು ನಿಲ್ಲಿಸಿದ್ದಕ್ಕೆ ಟೆಂಟೂ ಸುಮ್ಮನಾಯಿತು.

ರಾಣಿ ಹೇಳಿದಳು: "ಸ್ವಾಮೀ, ಅಪರಾಧವೆಲ್ಲ ನನ್ನದೇ. ಪತಿಯ ಪಾದವೇ ನನಗೆ ಪರಲೋಕ. ಈ ಪಾಪಿಯನ್ನು ಕ್ಷಮಿಸಿ, ನಿಮ್ಮ ಚರಣದಲ್ಲಿ ಒಂದಿಷ್ಟು ಸ್ಥಳ ಕೊಡಿ."

ಇದಕ್ಕೇ ನಾನು ಎರಡು ವರ್ಷ ಕಾದದ್ದು? ಇದನ್ನು ಹೇಳಿಸಲಿಕ್ಕೇ ಅವಳ ಬಾಯಿಗೆ ಕನ್ನಡ ಕೊಟ್ಟದ್ದು? ಸಿಟ್ಟಿಗೆ ನನ್ನ ಕಣ್ಣು ಕತ್ತಲೆಗಟ್ಟಿದವು.

"ಏನಂದ್ಳು ಯವ್ವಾ?" ಎಂದಳು ಗೊಲ್ಲಾಳಮ್ಮ.

ಸುಗಲಮ್ಮ ತೆರೆ ನೋಡುತ್ತಿರಲಿಲ್ಲ. ನನ್ನನ್ನು ನೋಡುತ್ತಿದ್ದಳು, ಕಣ್ಣು ಮಿಟುಕಿಸದೆ.

"ಆಕಿ ಅಂತಾಳ" ಎಂದೆ, ಟೆಂಟಿನ ಕೊನೆಗೂ ಕೇಳುವಂತೆ. "ಹನ್ನೆರಡು ವರ್ಷ ನೀ ಎಲ್ಲಿದ್ದಿ? ನಾ ಹೆರುವಾಗ ನೀರು ಕೊಟ್ಟಿದ್ದು ನೀ ಅಲ್ಲ, ಈ ಕೂಸಿಗೆ ಕೂಳು ಹಾಕಿದ್ದು ನೀ ಅಲ್ಲ. ನಿನ್ನ ಅರಮನಿಗೆ ನಾ ಬರಂಗಿಲ್ಲ. ಹೋಗು."

ಹೆಂಗಸರ ಕಡೆ "ಭಲೇ!" ಎಂಬ ಕೂಗು ಎದ್ದಿತು. ಅಷ್ಟರಲ್ಲಿ ತೆರೆಯ ಮೇಲಿನ ಹಾಳು ರಾಣಿ ಬಗ್ಗಿ ಅವನ ಪಾದಕ್ಕೆ ಕೈ ಚಾಚಿದಳು.

"ಮತ್ತ ಕಾಲಿಗೆ ಬೀಳಾಕತ್ತಾಳಲ್ಲ?" ಎಂದು ಹಿಂದಿನಿಂದ ಯಾರೋ ಕೇಳಿದರು.

ನನ್ನ ಬಾಯಿ ತಾನೇ ಹೇಳಿತು: "ಕಾಲಿಗೆ ಯಾಕ ಬೀಳ್ತಾಳ? ಮಣ್ಣು ತೂರಾಕ ಬಗ್ಗ್ಯಾಳ."

ನಮ್ಮ ಕಡೆ ಹೊಟ್ಟೆ ಉರಿದ ಹೆಣ್ಣು ಹಿಡಿ ಮಣ್ಣು ಎತ್ತಿ ತೂರಿದಳೆಂದರೆ ಅದಕ್ಕಿಂತ ದೊಡ್ಡ ಶಾಪವಿಲ್ಲ. ಎಂಥ ಗೌಡನೂ ಆ ಮಣ್ಣಿಗೆ ಹೆದರುತ್ತಾನೆ. ತೆರೆಯ ಮೇಲೆ ಅವಳು ಬಗ್ಗಿಯೇ ಇದ್ದಳು, ರೀಲು ಅಲ್ಲಿಗೆ ಮುಗಿಯುತ್ತಿತ್ತು. ಮೊದಲು ಎದ್ದವಳು ಸುಗಲಮ್ಮ. ಕೂಸನ್ನು ತಾಯಿಯ ತೊಡೆಯ ಮೇಲೆ ಇಟ್ಟು, ಎರಡೂ ಕೈಯಲ್ಲಿ ಉಸುಕು ಎತ್ತಿ ರಾಜನ ಕಡೆ ತೂರಿದಳು. "ನಿನ್ನ ಮನಿ ಹಾಳಾಗ್ಲಿ!" ಎಂದಳು. ಅದು ಕಕ್ಕೇರಾದ ಅವಳ ಗಂಡನಿಗೆ ಹೋಗಬೇಕಾದ ಮಾತೆಂದು ಅಲ್ಲಿದ್ದವರಿಗೆಲ್ಲ ಗೊತ್ತಾಯಿತು. ಗೊಲ್ಲಾಳಮ್ಮ ಎದ್ದಳು, ಶಿವಬಸಮ್ಮ ಎದ್ದಳು, ಎಲ್ಲರೂ ಎದ್ದರು. ಉಸುಕು ತೆರೆಗೆ ಬಡಿದು ಮಳೆಯಂತೆ ಸದ್ದಾಯಿತು. ಗಂಡಸರ ಕಡೆಯಿಂದ ಒಂದು ಕೆಮ್ಮು ಕೂಡ ಕೇಳಲಿಲ್ಲ.

ವಹಾಬ ತಲೆಯ ಮೇಲಿನ ಉಸುಕು ಕೊಡವಿಕೊಳ್ಳುತ್ತ ಬಂದ. ಬೈಯುತ್ತಾನೆಂದುಕೊಂಡೆ.

"ತಿಂಗಳಿಗೊಂದು ಕನ್ನಡದ್ದು, ಅಕ್ಕಾರ. ಜಬಾನ್ ಕೊಟ್ಟೀನಿ. ಆದ್ರ ನೀವು ಹೇಳಬೇಕು" ಎಂದ.

ಮನೆಗೆ ಹೋಗುವಾಗ ನಮ್ಮ ಮನೆಯವರು ಜೊತೆಗಿದ್ದರು. ಅವರು ಓದು ಬರಹ ಬಲ್ಲವರು, ತೆರೆಯ ಹತ್ತಿರವೇ ಕೂತಿದ್ದರು.

"ರಾಣಿ ಹಂಗ ಅನಲಿಲ್ಲ" ಎಂದರು.

"ಗೊತ್ತದರಿ."

"ಮತ್ತ?"

"ಅನ್ನಬೇಕಾಗಿತ್ತು" ಎಂದೆ.