ನಾಲ್ಕನೇ ಸುತ್ತಿನ ಒದೆಗಾರ

ಸರೋವರದ ಕಡೆಯಿಂದ ಗಾಳಿ ತಿರುಗಿದರೆ ಅಮೆರಿಕದ ಬಫಲೋ ಊರಿಗೆಲ್ಲ ಹುರಿದ ಓಟ್ಸಿನ ವಾಸನೆ ಹಬ್ಬುತ್ತದೆ. ಲಿಯೋನಾ ಸ್ಕೊವ್ರಾನ್ ಏಳು ವರ್ಷದವಳಾಗಿದ್ದಾಗ ಅಪ್ಪನ ಕೋಟಿನಲ್ಲೂ ಅದೇ ವಾಸನೆಯಿತ್ತು. ಧಾನ್ಯದ ಗೋದಾಮಿನಲ್ಲಿ ದುಡಿಯುತ್ತಿದ್ದ ಅಪ್ಪ ಭಾನುವಾರಗಳಂದು ಮಗಳನ್ನು ಅದೇ ಕೋಟಿನೊಳಗೆ ಬಚ್ಚಿಟ್ಟುಕೊಂಡು, ಚೆಂಡನ್ನು ಕೈಯಲ್ಲಿ ಹಿಡಿದು ನುಗ್ಗುವ ಅಲ್ಲಿನ ಫುಟ್‌ಬಾಲ್ ತೋರಿಸುತ್ತಿದ್ದ. ತಂಡ ಸೋತರೆ ಅವನದು ಒಂದೇ ಮಾತು: "ಇವತ್ತು ಸೋತಿದ್ದಲ್ಲ ಮಗಳೇ, ಏಪ್ರಿಲ್‌ನಲ್ಲೇ ಸೋತಾಯ್ತು."

ಏಪ್ರಿಲ್ ಎಂದರೆ ಡ್ರಾಫ್ಟ್. ದೇಶದ ತಂಡಗಳೆಲ್ಲ ಸರದಿಯ ಮೇಲೆ, ಏಳು ಸುತ್ತುಗಳಲ್ಲಿ, ಕಾಲೇಜಿನ ಹುಡುಗರನ್ನು ಆರಿಸಿಕೊಳ್ಳುವ ಮೂರು ದಿನ. ಆಟ ಶುರುವಾಗಲು ಇನ್ನೂ ನಾಲ್ಕು ತಿಂಗಳಿರುತ್ತದೆ. ಆದರೆ ಮಾರನೆಯ ದಿನವೇ ಆ ಆಯ್ಕೆಗಳಿಗೆ ಅಂಕ ಹಾಕದಿದ್ದರೆ ಬಫಲೋದವರಿಗೆ ಅನ್ನ ಇಳಿಯುವುದಿಲ್ಲ.

ನಲವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದ್ದ ಲಿಯೋನಾ ಈ ಕೆಲಸವನ್ನು ಇಪ್ಪತ್ತಾರು ವರ್ಷದಿಂದ ಮಾಡುತ್ತಿದ್ದಳು. ಡ್ರಾಫ್ಟ್ ಮುಗಿದ ಭಾನುವಾರ, ಬೀದಿಕೊನೆಯ ಮಿಲ್ಟ್‌ನ ಬಾರಿನ ಕಿಟಕಿಯಲ್ಲಿ ಅವಳ ಹಾಳೆ ಅಂಟಿಕೊಳ್ಳುತ್ತಿತ್ತು. ಪ್ರತಿ ಆಯ್ಕೆಗೂ ಕೆಂಪು ಶಾಯಿಯಲ್ಲಿ ಒಂದು ದರ್ಜೆ, ಒಂದು ಸಾಲು. "ಕೈ ದೊಡ್ಡದು, ಹಿಡಿತ ಸಣ್ಣದು. ಸಿ." "ವೇಗವಾಗಿ ಓಡುತ್ತಾನೆ; ಯಾವ ಕಡೆಗೆ ಎಂದು ಅವನಿಗೂ ತಿಳಿಯದು. ಡಿ." ಒಮ್ಮೆ ಪಾದ್ರಿಗಳೇ ಬಂದು ಒಬ್ಬ ಹುಡುಗನ ಪರವಾಗಿ ಬೇಡಿಕೊಂಡಿದ್ದರು. ಲಿಯೋನಾ ಅವರಿಗೆ ಕಾಫಿ ಕೊಟ್ಟಳು, ಅಂಕ ಕೊಡಲಿಲ್ಲ.

ಅವಳದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆರನೇ ಸುತ್ತಿಗೆ ಮೊದಲು ಆಗೊಮ್ಮೆ ಈಗೊಮ್ಮೆ ಒಳಬಂದು ಬರೀ ಚೆಂಡು ಒದೆಯುವ ಆಟಗಾರನನ್ನು ತೆಗೆದುಕೊಂಡರೆ ಮರುಮಾತಿಲ್ಲದೆ ಎಫ್, ಅಂದರೆ ನಪಾಸು. ಎದುರಾಳಿಯನ್ನು ತಡೆದು ನಿಲ್ಲಿಸುವ ಗಟ್ಟಿ ಆಳುಗಳೇ ತಂಡದಲ್ಲಿ ಇಲ್ಲದಿರುವಾಗ ಒದೆಯುವವನನ್ನು ಹುಡುಕುವುದು, ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದಂತೆ ಎನ್ನುತ್ತಿದ್ದಳು.

ಆ ಶನಿವಾರ ಮಧ್ಯಾಹ್ನ ಬಾರಿನ ಟಿವಿಯಲ್ಲಿ ನಾಲ್ಕನೇ ಸುತ್ತು ನಡೆಯುತ್ತಿತ್ತು. ಊರಿನ ತಂಡದ ಸರದಿ ಬಂತು. ಕೂಗಿದ ಹೆಸರು ಥಡಿಯಸ್ ಪಾಲ್ಕಾ. ಒದೆಗಾರ. ಮನೆಯವರಿಗೆ ಟೆಡ್ಡಿ. ಈ ಬೀದಿಯ ಹುಡುಗ, ಲಿಯೋನಾಳ ಪಕ್ಕದ ಮನೆಯ ಜೆನೆವೀವ್‌ಳ ಮೊಮ್ಮಗ.

ಬಾರು ಸೂರು ಹಾರುವಂತೆ ಕೂಗಿತು. ಆಮೇಲೆ, ಯಾರೋ ಹೇಳಿಕೊಟ್ಟಂತೆ, ಎಲ್ಲ ತಲೆಗಳೂ ಮೂಲೆಯ ಮೇಜಿನತ್ತ ತಿರುಗಿದವು.

"ಟೀಚರ್," ಎಂದ ಮಿಲ್ಟ್, ಅತಿ ವಿನಯದಿಂದ. "ಕೆಂಪು ಪೆನ್ನಲ್ಲಿ ಶಾಯಿ ಇದೆಯಾ? ಇಲ್ದಿದ್ರೆ ನಾನೇ ತಂದ್ಕೊಡ್ತೀನಿ."

"ಮಿಲ್ಟ್, ಏಳನೇ ಕ್ಲಾಸಲ್ಲಿ ಭಿನ್ನರಾಶಿಗೆ ನಿನಗೆ ಎಷ್ಟು ಬಂದಿತ್ತು ಅಂತ ಇವರಿಗೆಲ್ಲ ಹೇಳ್ಲಾ?"

ಮಿಲ್ಟ್ ಒಣಗಿದ್ದ ಲೋಟವನ್ನೇ ಮತ್ತೆ ಒರೆಸತೊಡಗಿದ.

ಮನೆಗೆ ಬಂದ ಲಿಯೋನಾ ಅಡಿಗೆಮನೆಯ ಮೇಜಿನ ಮುಂದೆ ಕೂತಳು. ಗಂಡ ತೀರಿಕೊಂಡ ವರ್ಷ ಚಳಿಗಾಲವಿಡೀ ಅವಳು ಏಳುವ ಮೊದಲೇ ಬಾಗಿಲ ಮುಂದಿನ ಹಿಮ ತೆಗೆದಿರುತ್ತಿತ್ತು. ಜೆನೆವೀವ್ ಆ ಬಗ್ಗೆ ಇಂದಿಗೂ ಬಾಯಿಬಿಟ್ಟಿಲ್ಲ. ಅಂಥವಳ ಮನೆಯ ಹಬ್ಬದ ದಿನ, ಬೀದಿಯ ಕಿಟಕಿಯಲ್ಲಿ, ಅವಳ ಮೊಮ್ಮಗನಿಗೆ ಎಫ್? ಈ ವಯಸ್ಸಿನಲ್ಲಿ ಇನ್ನೊಬ್ಬ ಗೆಳತಿ ಎಲ್ಲಿ ಸಿಗುತ್ತಾಳೆ? ಎಫ್ ಬರೆದಳು, ಹಾಳೆ ಹರಿದಳು. ಹೊಸ ಹಾಳೆಯಲ್ಲಿ ಹೀಗೆ ಬರೆದಳು: "ಕಾಲು ಬಲವಾಗಿದೆ. ಒಳ್ಳೆಯ ಮನೆತನ. ಸಿ."

ಭಾನುವಾರ ಚರ್ಚು ಬಿಟ್ಟೊಡನೆ ಕಿಟಕಿಯ ಮುಂದೆ ಜನ ಸೇರಿತು.

"ಒಳ್ಳೆ ಮನೆತನ?" ಮಿಲ್ಟ್ ಗಟ್ಟಿಯಾಗಿ ಓದಿದ. "ಟೀಚರ್, ನೀವು ಆಟಗಾರನ್ನ ನೋಡ್ತಿದ್ದೀರೋ, ಮದುವೆಗೆ ಗಂಡು ನೋಡ್ತಿದ್ದೀರೋ?"

ನಗು ಮುಗಿಯುವ ಮೊದಲೇ ಜೆನೆವೀವ್ ಬಂದಳು. ಜನ ದಾರಿ ಬಿಟ್ಟರು. ಅವಳು ಕನ್ನಡಕ ಹಾಕಿಕೊಂಡು ಹಾಳೆಯನ್ನು ಎರಡು ಸಲ ಓದಿದಳು.

"ಲಿಯೋನಾ, ಏನೇ ಇದು?"

"ಸಿ."

"ಕಣ್ಣು ಕಾಣ್ಸುತ್ತೆ ನಂಗೆ. ಆರು ವರ್ಷದ ಹಿಂದೆ ಐದನೇ ಸುತ್ತಲ್ಲಿ ಒಬ್ಬ ಒದೆಯೋನು ಬಂದ್ನಲ್ಲ, ಅವನಿಗೇನು ಕೊಟ್ಟೆ?"

"ಎಫ್."

"ಅವನ ಅಜ್ಜಿ ನಿನ್ನ ಪಕ್ಕದ ಮನೇಲಿ ಇರ್ಲಿಲ್ಲ, ಪಾಪ."

ಲಿಯೋನಾಳ ಕಿವಿ ಬಿಸಿಯಾಯಿತು. "ನೋಡೇ, ಎಫ್ ಅಂದ್ರೆ ಅದು ಹುಡುಗನಿಗಲ್ಲ. ಅಷ್ಟು ಬೇಗ ಆರಿಸಿದ್ರಲ್ಲ, ಆ ದೊಡ್ಡ ಮನುಷ್ಯರಿಗೆ."

"ಹಾಗಾದ್ರೆ ಅವರನ್ನ ಯಾಕೆ ಪಾಸು ಮಾಡ್ದೆ?"

ನಲವತ್ತು ವರ್ಷ ಪ್ರಶ್ನೆ ಕೇಳಿದವಳು ಕೆಂಪು ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದಳು. ಮಿಲ್ಟ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡ.

ಜೆನೆವೀವ್ ಹತ್ತಿರ ಬಂದು ದನಿ ತಗ್ಗಿಸಿದಳು. "ನಿನ್ನೆ ಟೆಡ್ಡಿ ಫೋನ್ ಮಾಡಿದ್ದ. ಅಮ್ಮ ಅತ್ತಳಾ, ಅಜ್ಜಿ ಕುಣಿದಳಾ ಅಂತ ಕೇಳ್ಲಿಲ್ಲ ಕಣೇ. 'ಟೀಚರ್ ಎಫ್ ಕೊಡ್ತಾರಾ?' ಅಂದ. ಆ ಹಾಳೆನ ತಂಡದವರು ಬಟ್ಟೆ ಬದಲಿಸೋ ಕೋಣೇಲಿ ತನ್ನ ಲಾಕರ್ ಒಳಗೆ ಅಂಟಿಸ್ಕೋಬೇಕಂತೆ. ಸಿ ನೋಡ್ಕೊಂಡು ಯಾರಿಗೆ ರೋಷ ಬರುತ್ತೆ? ನೀನು ಕರುಣೆ ತೋರಿಸಿದೆ ಅಂತ ಗೊತ್ತಾದ್ರೆ ಹುಡುಗ ಕುಗ್ಗಿಹೋಗ್ತಾನೆ."

ಲಿಯೋನಾ ಹಾಳೆಯನ್ನು ಕಿಟಕಿಯಿಂದ ಬಿಡಿಸಿ ಬಾರಿನ ಕಟ್ಟೆಯ ಮೇಲಿಟ್ಟಳು. ಹಳೆಯ ಸಾಲನ್ನು ಹೊಡೆದುಹಾಕಿ ಬರೆದಳು: "ಸರೋವರದ ಗಾಳಿಗೆ ಎದುರಾಗಿ ಒದೆಯಬಲ್ಲ, ನನ್ನ ಗ್ಯಾರೇಜಿನ ಒಡೆದ ಗಾಜೇ ಸಾಕ್ಷಿ. ಆದರೂ ನಾಲ್ಕನೇ ಸುತ್ತಿನಲ್ಲಿ? ಎಫ್."

ಜೆನೆವೀವ್ ಹೆಗಲ ಮೇಲಿಂದ ಬಗ್ಗಿ ನೋಡಿದಳು. "ಎರಡು ಗಾಜು ಅಂತ ಬರಿ. ಲೆಕ್ಕದ ಟೀಚರ್ ನೀನು."

ತಿದ್ದಿದ ಹಾಳೆ ಕಿಟಕಿಗೇರಿದಾಗ, ಇಪ್ಪತ್ತಾರು ವರ್ಷದಲ್ಲಿ ಮೊದಲ ಬಾರಿಗೆ, ಎಫ್ ಒಂದಕ್ಕೆ ಜನ ಚಪ್ಪಾಳೆ ತಟ್ಟಿದರು.

ಮಧ್ಯಾಹ್ನ ಪಕ್ಕದ ಮನೆಯ ಮುಂದೆ ನೆಂಟರ ಕಾರುಗಳು ಬೀದಿಯುದ್ದಕ್ಕೂ ನಿಂತವು. ಲಿಯೋನಾಳನ್ನೂ ಕರೆದಿದ್ದರು. ಆದರೆ ಬೆಳಗಿನ ಮಾತು ಬೆಳಗಿನದು. ಕೈಯಾರೆ ನಪಾಸು ಮಾಡಿದವನ ಅಪ್ಪ ಅಮ್ಮನ ಎದುರು ಹೇಗೆ ಹೋಗಿ ಕೂರುವುದು? ಅವಳು ಬ್ರೆಡ್ಡಿನ ಎರಡು ಹೋಳು ತೆಗೆದಳು, ಹಸಿವಿಲ್ಲವೆಂದುಕೊಂಡು ಮತ್ತೆ ಡಬ್ಬಿಯಲ್ಲಿಟ್ಟಳು.

ಹಿತ್ತಲ ಬಾಗಿಲು ತೆರೆಯಿತು. ಜೆನೆವೀವ್ ಏಪ್ರನ್ನಿನಲ್ಲೇ ಬಂದಿದ್ದಳು. ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ: ಆಲೂಗಡ್ಡೆ, ಚೀಸ್ ತುಂಬಿದ ಪಿರೋಗಿ ಕಡುಬು, ಮೇಲೆ ಬೆಣ್ಣೆಯಲ್ಲಿ ಕೆಂಪಗೆ ಹುರಿದ ಈರುಳ್ಳಿ. ಯಾಕೆ ಬರಲಿಲ್ಲ ಎಂದು ಅವಳು ಕೇಳಲಿಲ್ಲ. ತಟ್ಟೆ ಬಿಸಿಯೆಂದು ಕೆಳಗೊಂದು ಒಣಬಟ್ಟೆ ಮಡಚಿಟ್ಟು, ಅದನ್ನು ಗೆಳತಿಯ ಎರಡೂ ಕೈಗಳಲ್ಲಿ ಇಟ್ಟಳು.